ಹತ್ತರಲ್ಲಿ ಒಂದು

3 ಡಿಸೆಂಬರ್ 2025, ಬುಧವಾರ
ಮೈಸೂರು, ರಾತ್ರಿ ಹತ್ತೂಮುಕ್ಕಾಲು

ಬೆಳಿಗ್ಗೆ ಕಳುಹಿಸಿದ್ದ ಅನುವಾದ ಸಂಜೆಗೆ ತಿರುಗಿ ಬಂತು. ಎಂಟು ಪುಟಗಳಲ್ಲಿ ಒಂದೇ ಒಂದು ಪದದ ಕೆಳಗೆ ಕೆಂಪು ಗೆರೆ. ರಣಹದ್ದುಗಳ ಬಗ್ಗೆ ಇಂಗ್ಲಿಷಿನಲ್ಲಿದ್ದ ಲೇಖನ ಅದು. ದನಕರುಗಳಿಗೆ ಕೊಡುವ ನೋವಿನ ಔಷಧ ಡೈಕ್ಲೋಫಿನ್ಯಾಕ್ ನಮ್ಮ ರಣಹದ್ದುಗಳನ್ನು ‘ಡೆಸಿಮೇಟ್’ ಮಾಡಿತು ಎಂದಿದ್ದ ಕಡೆ ನಾನು ‘ನಿರ್ನಾಮ ಮಾಡಿತು’ ಎಂದು ಬರೆದು ಮುಂದಕ್ಕೆ ಹೋಗಿದ್ದೆ. ಪತ್ರಿಕೆಯ ಹುಡುಗ ಫೋನ್ ಮಾಡಿದ. ಇಪ್ಪತ್ತೈದು ತುಂಬಿರಲಿಕ್ಕಿಲ್ಲ. ‘ಮೇಡಂ, ಡೆಸಿಮೇಟ್ ಎಂದರೆ ಹತ್ತರಲ್ಲಿ ಒಂದನ್ನು ಮಾತ್ರ ಕೊಲ್ಲುವುದು. ನಿರ್ನಾಮ ಎಂದರೆ ತಪ್ಪಾಗುತ್ತದೆ ಅಲ್ಲವೇ?’ ಎಂದ. ಜೋರು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಬಹಳ ವಿನಯದಿಂದ ಹೇಳಿದ, ಅದಕ್ಕೇ ಇಡೀ ಸಂಜೆ ಉರಿಯಿತು.

ಉರಿಗೆ ಮದ್ದೆಂದರೆ ನಿಘಂಟು. ಊಟ ಮುಗಿಸಿ, ಬೇಯಿಸಿದ ಕಡಲೆಕಾಯಿಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಕುಳಿತೆ.

ಹುಡುಗ ಹೇಳಿದ್ದರಲ್ಲಿ ಮೂಲದ ಮಟ್ಟಿಗೆ ಸುಳ್ಳಿಲ್ಲ. ಲ್ಯಾಟಿನಿನಲ್ಲಿ ‘ಡೆಕೆಮ್’ ಎಂದರೆ ಹತ್ತು. ನಮಗೆ ಸಂಸ್ಕೃತದಿಂದ ಬಂದ ‘ದಶ’ಕ್ಕೂ ಅದಕ್ಕೂ ಒಂದೇ ಅಜ್ಜಿ. ದಶಮಿ, ದಶಕ, ದಶಮಾಂಶ ಒಂದು ಮನೆಯ ಮಕ್ಕಳಾದರೆ ಡೆಸಿಮಲ್, ಡೆಸಿಮೇಟ್ ಇನ್ನೊಂದು ಮನೆಯವು. ಗೋಡೆಯ ಮೇಲಿರುವ ಡಿಸೆಂಬರ್ ಕೂಡ ಅದೇ ವಂಶ. ರೋಮನ್ನರ ವರ್ಷ ಮಾರ್ಚಿನಲ್ಲಿ ಶುರುವಾಗುತ್ತಿದ್ದ ಕಾಲಕ್ಕೆ ಅದು ಹತ್ತನೆಯ ತಿಂಗಳಾಗಿತ್ತು. ಈಗ ಹನ್ನೆರಡನೆಯದು, ಹೆಸರು ಮಾತ್ರ ಹತ್ತರಲ್ಲೇ ನಿಂತಿದೆ. ಅದನ್ನು ತಪ್ಪೆಂದು ಯಾರೂ ಕೆಂಪು ಗೆರೆ ಎಳೆಯುವುದಿಲ್ಲ!

ಬಟ್ಟಲಿನಿಂದ ಹತ್ತು ಕಡಲೆಕಾಯಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದನ್ನು ಪಕ್ಕಕ್ಕೆ ಸರಿಸಿದೆ. ಸಾಲು ಹೆಚ್ಚು ಕಡಿಮೆ ಹಾಗೆಯೇ ಕಾಣುತ್ತಿತ್ತು. ಇಷ್ಟಕ್ಕೆ ನಾಶ ಎಂಬ ದೊಡ್ಡ ಮಾತೇಕೆ ಬೇಕಾಯಿತು ಎಂದು ಹುಡುಕಿಕೊಂಡು ಹೋದವಳಿಗೆ ಸಿಕ್ಕಿದ್ದು ಪೊಲಿಬಿಯಸ್.

ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಈತ. ಒತ್ತೆಯಾಳಾಗಿ ರೋಮಿಗೆ ಹೋದವನು, ಅಲ್ಲಿನ ಸೈನ್ಯದ ನಡವಳಿಕೆಯನ್ನು ಹತ್ತಿರದಿಂದ ಕಂಡು ಬರೆದಿಟ್ಟ. ಒಂದು ತುಕಡಿಗೆ ತುಕಡಿಯೇ ಯುದ್ಧದಲ್ಲಿ ಬೆನ್ನು ತೋರಿಸಿದರೆ ಎಲ್ಲರನ್ನೂ ಕೊಲ್ಲುವಂತಿಲ್ಲ, ಸೈನ್ಯವೇ ಇಲ್ಲದಂತಾಗುತ್ತದೆ. ಬಿಡುವಂತೆಯೂ ಇಲ್ಲ. ಆದ್ದರಿಂದ ಚೀಟಿ. ತಪ್ಪಿತಸ್ಥರ ಗುಂಪಿಗೆ ತಕ್ಕಂತೆ ಐವರೋ, ಎಂಟು ಮಂದಿಯೋ, ಇಪ್ಪತ್ತು ಮಂದಿಯೋ, ಅಂತೂ ಸುಮಾರು ಹತ್ತರಲ್ಲೊಂದು ಪಾಲು ಬರುವಂತೆ ಚೀಟಿ ಎತ್ತಿಸುತ್ತಿದ್ದರು. ಹೆಚ್ಚು ಹೇಡಿತನ ತೋರಿದವನಿಗೇ ಚೀಟಿ ಬರಬೇಕೆಂದೇನಿಲ್ಲ. ಕೊನೆಯ ಗಳಿಗೆಯವರೆಗೆ ನಿಂತು ಕಾದಾಡಿದವನಿಗೂ ಬರಬಹುದಿತ್ತು.

ಇಲ್ಲಿಯವರೆಗೆ ನನಗೂ ಅಲ್ಪಸ್ವಲ್ಪ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಮುಂದಿನದು. ಕೊಲ್ಲಲು ಬೇರೆ ಕಟುಕರು ಇರಲಿಲ್ಲ. ದೊಣ್ಣೆಯ ಶಿಕ್ಷೆಯನ್ನು ಪೊಲಿಬಿಯಸ್ ಹೀಗೆ ವರ್ಣಿಸುತ್ತಾನೆ: ಅಧಿಕಾರಿ ದೊಣ್ಣೆಯೊಂದನ್ನು ಹಿಡಿದು ಅಪರಾಧಿಯ ಮೈಗೆ ಸುಮ್ಮನೆ ಮುಟ್ಟಿಸುತ್ತಾನೆ. ಅಷ್ಟೇ ಅವನ ಕೆಲಸ. ಮುಟ್ಟಿಸಿದ್ದೇ ತಡ, ಪಾಳೆಯದವರೆಲ್ಲ ದೊಣ್ಣೆ, ಕಲ್ಲು ಹಿಡಿದು ಅವನ ಮೇಲೆ ಬೀಳುತ್ತಾರೆ. ಚೀಟಿ ಬಂದವರಿಗೂ ಇದೇ ಗತಿ. ನಿನ್ನೆ ರಾತ್ರಿ ಜೊತೆಯಲ್ಲಿ ಉಂಡವರು, ಒಂದೇ ಗುಡಾರದಲ್ಲಿ ಮಲಗಿದವರು. ಉಳಿದವರಿಗೂ ಬಿಡುಗಡೆಯಿಲ್ಲ. ಅವರಿಗೆ ಗೋಧಿಯ ಬದಲು ಜವೆಗೋಧಿ ಅಳೆದು ಕೊಡುತ್ತಿದ್ದರು, ಪಾಳೆಯದ ಕಟ್ಟೆಯಿಂದ ಹೊರಗೆ, ರಕ್ಷಣೆಯಿಲ್ಲದ ಬಯಲಿನಲ್ಲಿ ಗುಡಾರ ಹಾಕಿಸುತ್ತಿದ್ದರು. ಜವೆಗೋಧಿ ಎಂದರೆ ಅವರ ಲೆಕ್ಕದಲ್ಲಿ ಕುದುರೆಯ ಮೇವು.

ಕಡಲೆಕಾಯಿಯ ಸಾಲನ್ನು ಮತ್ತೆ ನೋಡಿದೆ. ಈ ಸಲ ಕಣ್ಣಿಗೆ ಬಿದ್ದದ್ದು ಪಕ್ಕಕ್ಕೆ ಸರಿಸಿದ ಒಂದಲ್ಲ, ಉಳಿದ ಒಂಬತ್ತು.

ಬಕಾಸುರನ ಊರು ನೆನಪಾಯಿತು. ಏಕಚಕ್ರದಲ್ಲಿ ದಿನಕ್ಕೊಂದು ಮನೆಯಿಂದ ಬಂಡಿ ಅನ್ನ, ಜೊತೆಗೊಬ್ಬ ಮನುಷ್ಯ. ಅಲ್ಲಿ ಇದ್ದದ್ದು ಸರದಿ, ಇಲ್ಲಿ ಇದ್ದದ್ದು ಚೀಟಿ. ಸರದಿಯಾದರೆ ತನ್ನ ದಿನ ಯಾವುದೆಂದು ತಿಳಿದಿರುತ್ತದೆ, ಅಳುವುದಕ್ಕಾದರೂ ಸಮಯ ಸಿಗುತ್ತದೆ, ಭೀಮನಂಥವನು ಮನೆಗೆ ಅತಿಥಿಯಾಗಿ ಬಂದಿರಲೂಬಹುದು. ಮತ್ತೆ ಏಕಚಕ್ರದವರು ನೆರೆಮನೆಯವನನ್ನು ರಾಕ್ಷಸನ ಬಳಿಗೆ ಕಳುಹಿಸಿದರೇ ಹೊರತು ತಾವೇ ಕೊಲ್ಲಬೇಕಾಗಿರಲಿಲ್ಲ.

ಈ ಶಿಕ್ಷೆ ರೋಮಿನಲ್ಲಿ ದಿನನಿತ್ಯದ ಸಂಗತಿಯಾಗಿರಲಿಲ್ಲ. ಕ್ರಿ.ಪೂ. 471ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಎಂಬವನು ಓಡಿಹೋದ ಸೈನ್ಯಕ್ಕೆ ಹೀಗೆ ಮಾಡಿದನೆಂದು ರೋಮಿನ ಇತಿಹಾಸಕಾರ ಲಿವಿ ಹೇಳುತ್ತಾನೆ. ಆಮೇಲೆ ಅದು ಹಳೆಯ ಕಾಲದ ಕ್ರೌರ್ಯವೆನಿಸಿ ಮೂಲೆ ಸೇರಿತ್ತು. ಅದನ್ನು ಮತ್ತೆ ಹೊರಗೆ ಎಳೆದವನು ರೋಮಿನ ಸೇನಾಪತಿ ಕ್ರಾಸಸ್, ಸ್ಪಾರ್ಟಕಸ್‌ನ ಗುಲಾಮರ ದಂಗೆಯನ್ನು ಅಡಗಿಸಲು ಹೋದಾಗ. ಎಲ್ಲರಿಗಿಂತ ಮೊದಲು ಓಡಿದ 500 ಮಂದಿಯನ್ನು ಹತ್ತು ಹತ್ತರಂತೆ 50 ಗುಂಪು ಮಾಡಿ, ಗುಂಪಿಗೊಬ್ಬನನ್ನು ಚೀಟಿಯಲ್ಲಿ ಆರಿಸಿ ಇಡೀ ಸೈನ್ಯದ ಎದುರು ಕೊಲ್ಲಿಸಿದ ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಶತ್ರುವಿಗಿಂತ ಇವನೇ ಹೆಚ್ಚು ಅಪಾಯ ಎಂದು ಸೈನಿಕರಿಗೆ ಮನವರಿಕೆಯಾಯಿತಂತೆ. ಕ್ರಿ.ಪೂ. 71ರಲ್ಲಿ ದಂಗೆ ಮುಗಿಯಿತು.

ಇದೆಲ್ಲ ಎರಡು ಸಾವಿರ ವರ್ಷ ಹಳೆಯ ಮಾತು ಎಂದು ಪುಟ ಮುಚ್ಚುವುದಕ್ಕೂ ಇಲ್ಲ. 1917ರ ಜುಲೈನಲ್ಲಿ, ಮೊದಲ ಮಹಾಯುದ್ಧದ ನಡುವೆ, ಇಟಲಿಯ ಸಾಂತಾ ಮರಿಯಾ ಲಾ ಲೋಂಗಾ ಎಂಬ ಊರಿನಲ್ಲಿ ಮತ್ತೆ ಯುದ್ಧಮುಖಕ್ಕೆ ಹೋಗಲು ಒಲ್ಲೆವೆಂದು ಕತಂಜಾರೋ ಬ್ರಿಗೇಡಿನವರು ದಂಗೆ ಎದ್ದರು. ಆಯುಧ ಸಮೇತ ಸಿಕ್ಕವರ ಜೊತೆಗೆ 12 ಮಂದಿಯನ್ನು ಚೀಟಿಯಲ್ಲಿ ಆರಿಸಿ ಗುಂಡಿಕ್ಕಿದರು. ಇಟಾಲಿಯನ್ನಿನಲ್ಲಿ ಇದಕ್ಕೆ ಇದ್ದದ್ದೂ ಅದೇ ಹಳೆಯ ಪದ, ದೆಚಿಮತ್ಸಿಯೋನೆ.

ಇಂಗ್ಲಿಷರ ಕೈಗೆ ಬಂದ ಮೇಲೆ ಪದ ಮೆತ್ತಗಾಯಿತು. ಒಮ್ಮೆ ತೆರಿಗೆಯೂ ಆಗಿತ್ತು: 1655ರಲ್ಲಿ, ಇಂಗ್ಲೆಂಡಿನಲ್ಲಿ ಅರಸೊತ್ತಿಗೆ ಇಲ್ಲದಿದ್ದಾಗ, ಕ್ರಾಮ್‌ವೆಲ್‌ನ ಸರ್ಕಾರ ರಾಜನ ಪಕ್ಷದ ಜಮೀನುದಾರರ ಆದಾಯದಲ್ಲಿ ಹತ್ತನೆಯ ಒಂದು ಪಾಲನ್ನು ಕಿತ್ತುಕೊಂಡಿತು, ಅದನ್ನೂ ಡೆಸಿಮೇಶನ್ ಎಂದರು. (ನಮ್ಮ ಶಾಸ್ತ್ರಗಳು ಅರಸನಿಗೆ ಕೊಟ್ಟದ್ದು ಆರರಲ್ಲೊಂದು ಪಾಲು. ಆ ಜಮೀನುದಾರರು ಇಲ್ಲಿ ಹುಟ್ಟಿದ್ದರೆ ಇನ್ನಷ್ಟು ಅತ್ತಿರುತ್ತಿದ್ದರು.) ಅದೇ ಶತಮಾನದಲ್ಲಿಯೇ ಲೆಕ್ಕ ಸಡಿಲವಾಗಿ, ‘ಬಹುಪಾಲನ್ನು ಹಾಳುಮಾಡು’ ಎಂಬ ಅರ್ಥ ಹುಟ್ಟಿಕೊಂಡಿತು. ಎರಡು ನೂರು ವರ್ಷ ಯಾರಿಗೂ ಅದರಿಂದ ತೊಂದರೆಯಾದಂತಿಲ್ಲ. ಅಮೆರಿಕದ ಅಂತರ್ಯುದ್ಧದ ವರದಿಗಾರರು ಸೋತ ಪಡೆಗಳಿಗೆಲ್ಲ ಈ ಪದ ಅಂಟಿಸಿದ್ದನ್ನು ಕಂಡು 1870ರ ಹೊತ್ತಿಗೆ ರಿಚರ್ಡ್ ಗ್ರಾಂಟ್ ವೈಟ್ ಎಂಬ ಭಾಷಾಪಂಡಿತ ಗೇಲಿ ಮಾಡಿದ. ನಮ್ಮ ಹುಡುಗ ಇಂದು ಸಂಜೆ ಹೇಳಿದ್ದು ಆ ಹಳೆಯ ತಕರಾರನ್ನೇ. ಮೂಲದಲ್ಲಿ ಹತ್ತು ಇದೆ ನಿಜ, ಬಳಕೆಯಲ್ಲಿ ಅದು ಹೋಗಿ ಯುಗವಾಯಿತು. ಹತ್ತನ್ನು ಕಾಯಲು ಹೊರಟ ಪಂಡಿತರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಕಾದದ್ದು ಅಂಕಿಯನ್ನು. ದೊಣ್ಣೆ ಹಿಡಿದು ನಿಂತ ಒಂಬತ್ತು ಮಂದಿ ಪದದಿಂದ ಇಳಿದು ಹೋದದ್ದನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ.

ಹತ್ತನೆಯವನು ಎಂದಾಗ ನನಗೆ ಮೊದಲು ನೆನಪಾಗುವುದು ಅಜ್ಜ ಹೇಳುತ್ತಿದ್ದ ಕಥೆ. ಹತ್ತು ಮಂದಿ ಪೆದ್ದರು ತುಂಬಿದ ಹೊಳೆ ದಾಟಿದರು. ಆಚೆ ದಡದಲ್ಲಿ ಎಣಿಸಿದರೆ ಒಂಬತ್ತೇ. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸುತ್ತಿದ್ದ. ಹತ್ತನೆಯವನನ್ನು ನೀರು ನುಂಗಿತೆಂದು ಎಲ್ಲರೂ ಕೂಡಿ ಅಳುತ್ತಿದ್ದಾಗ ದಾರಿಹೋಕನೊಬ್ಬ ಬಂದು, ‘ಹತ್ತನೆಯವನು ನೀನೇ’ ಎಂದ. ಶಂಕರರ ಭಾಷ್ಯದಲ್ಲೂ ವಿದ್ಯಾರಣ್ಯರಲ್ಲೂ ಈ ದೃಷ್ಟಾಂತ ವೇದಾಂತವಾಗಿದೆ, ನಮ್ಮ ಜಗಲಿಯಲ್ಲಿ ಬರಿಯ ನಗೆಯಾಗಿತ್ತು. ಬದುಕಿರುವ ಹತ್ತನೆಯವನಿಗಾಗಿ ಅತ್ತ ಈ ಪೆದ್ದರನ್ನು ಇವತ್ತು ನೆನೆದಾಗ ಏಕೋ ಮೊದಲಿನಷ್ಟು ನಗು ಬರಲಿಲ್ಲ.

ಅನುವಾದಕ್ಕೆ ಬರೋಣ. ನಾಶಕ್ಕೆ ಕನ್ನಡದಲ್ಲಿ ಪದಗಳಿಗೇನು ಬರವೇ? ಧ್ವಂಸ, ಧೂಳೀಪಟ, ನೆಲಸಮ, ಹಾಳು, ನುಚ್ಚುನೂರು. ಆದರೆ ಎಲ್ಲವೂ ಪೂರಾ ಮುಗಿಸಿಯೇ ಬಿಡುತ್ತವೆ, ಲೆಕ್ಕಕ್ಕೆ ಏನನ್ನೂ ಉಳಿಸುವುದಿಲ್ಲ. ನಿರ್ನಾಮವಂತೂ ಹೆಸರನ್ನೂ ಅಳಿಸಿ ಹಾಕುತ್ತದೆ. ರಣಹದ್ದಿನ ಹೆಸರು ಅಳಿಸಿಲ್ಲ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಇರುವುದರಿಂದಲೇ ಅದನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದು. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದೆ. ಹಕ್ಕಿ ಕಾಣಲಿಲ್ಲ. ಕಡಿದಾದ ಬಂಡೆಯ ಮೇಲೆ ಯಾರೋ ಸುಣ್ಣದ ಕೊಡ ಮಗುಚಿದಂತೆ ಬಿಳಿಯ ಗೆರೆಗಳು ಇಳಿದಿದ್ದವು, ಅವು ಕುಳಿತ ಜಾಗದ ಹಿಕ್ಕೆಯ ಗುರುತು. ಅರ್ಧ ಗಂಟೆ ಕತ್ತೆತ್ತಿ ಆ ಗೆರೆಗಳನ್ನೇ ನೋಡಿ ಬಂದಿದ್ದೆ. ಅಲ್ಲಿಗೆ ನನ್ನ ‘ನಿರ್ನಾಮ’ವೂ ತಪ್ಪೇ. ಹುಡುಗನ ಕಾರಣ ಸರಿಯಿಲ್ಲ, ಕೆಂಪು ಗೆರೆ ಸರಿಯಿದೆ.

ಹಾಗೆಂದು ಹತ್ತರಲ್ಲೊಂದು ಎಂದರೆ ಇನ್ನೂ ದೊಡ್ಡ ಸುಳ್ಳು. ಔಷಧ ಕೊಟ್ಟ ದನ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ಇದು ಖಚಿತವಾದದ್ದು 2004ರಲ್ಲಿ, ದನಗಳಿಗೆ ಆ ಔಷಧವನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರ ನಡುವೆ ಶೇ 99.9ರಷ್ಟು ಕುಸಿಯಿತು. ರೋಮಿನ ಅತ್ಯಂತ ಕ್ರೂರ ಸೇನಾಪತಿ ಸಾವಿರದಲ್ಲಿ ಒಂಬೈನೂರು ಮಂದಿಯನ್ನು ಉಳಿಸುತ್ತಿದ್ದ.

ಕೊನೆಗೆ ಒಂದೇ ಪದದ ಹಂಗು ಬಿಟ್ಟು, ‘1992ರಲ್ಲಿ ಸಾವಿರ ಬಿಳಿ ಬೆನ್ನಿನ ರಣಹದ್ದುಗಳಿದ್ದ ಕಡೆ 2007ರ ಹೊತ್ತಿಗೆ ಉಳಿದದ್ದು ಒಂದು’ ಎಂದು ತಿದ್ದಿ ಹತ್ತೂಕಾಲಿಗೆ ಕಳುಹಿಸಿದೆ.

ಹುಡುಗ ಎಚ್ಚರವಾಗಿಯೇ ಇದ್ದ. ಎರಡು ನಿಮಿಷಕ್ಕೆ ಉತ್ತರ ಬಂತು: ‘ತುಂಬಾ ಚೆನ್ನಾಗಿದೆ ಮೇಡಂ. ಶೀರ್ಷಿಕೆಗೆ ಮಾತ್ರ ಜಾಗ ಕಡಿಮೆ ಇದೆ, ಒಂದೇ ಪದ ಹಿಡಿಸುತ್ತದೆ. ನಿರ್ನಾಮ ಎಂದು ಹಾಕಿಬಿಡಲೇ?’

ಇನ್ನೂ ಉತ್ತರಿಸಿಲ್ಲ. ಮೇಜಿನ ಮೇಲಿದ್ದ ಹತ್ತನ್ನೂ ತಿಂದಾಯಿತು, ಸಿಪ್ಪೆ ಗುಡಿಸಬೇಕು.