ಕೊನೆಯ ಸಾಲಿಗೆ ಹೋದ ಅಂಕಿ

ಇಂದಿನ ತಾಂತ್ರಿಕ ಬರವಣಿಗೆಯ ತರಗತಿಯಲ್ಲಿ ಇಡೀ ಅವಧಿ ಒಂದೇ ಒಂದು ಸ್ಲೈಡಿನ ಚರ್ಚೆಯಲ್ಲಿ ಕಳೆಯಿತು.

2003ರ ಜನವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಇನ್ನೂ ಕಕ್ಷೆಯಲ್ಲಿದ್ದಾಗ, ಉಡಾವಣೆಯ ವೇಳೆ ಅದರ ಎಡರೆಕ್ಕೆಗೆ ಬಡಿದ ಫೋಮ್ ತುಂಡಿನ ಬಗ್ಗೆ ಎಂಜಿನಿಯರುಗಳು ಸಿದ್ಧಪಡಿಸಿದ್ದ ಸ್ಲೈಡ್ ಅದು. ಇಂಥ ಹೊಡೆತದ ಪರಿಣಾಮ ತಿಳಿಯಲು ಹಿಂದೆ ನಡೆಸಿದ್ದ ಪರೀಕ್ಷೆಯ ತುಂಡು 3 ಘನ ಅಂಗುಲದ್ದು. ನೌಕೆಗೆ ಬಡಿದದ್ದು ಸುಮಾರು 1920 ಘನ ಅಂಗುಲದ್ದೆಂದು ಅಂದಾಜಿಸಲಾಗಿತ್ತು. ಎಂದರೆ 640 ಪಟ್ಟು ದೊಡ್ಡದು! ಆ ಎರಡು ಅಳತೆಗಳು ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿದ್ದವು. ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಭಯಪಡುವಂಥದ್ದೇನೂ ಇಲ್ಲವೆಂದೇ ತೋರುತ್ತಿತ್ತು. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಹಿಂತಿರುಗಲಿಲ್ಲ.

ದುರಂತಕ್ಕೆ ಆ ಸ್ಲೈಡೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ. ಆದರೆ ತಾಂತ್ರಿಕ ವರದಿಗಳ ಜಾಗದಲ್ಲಿ ಸ್ಲೈಡುಗಳನ್ನು ಬಳಸುವ ರೂಢಿಯನ್ನು ತನಿಖಾ ಮಂಡಳಿಯೇ ಟೀಕಿಸಿತು.

ಎಂಜಿನಿಯರಿಂಗ್ ಜೊತೆಗೆ ಬರವಣಿಗೆಯನ್ನೇಕೆ ಓದುತ್ತೀಯೆಂದು ಗೆಳೆಯರು ಕೇಳುತ್ತಿರುತ್ತಾರೆ. ಯಾವ ಅಂಕಿ ಮೊದಲ ಸಾಲಿಗೆ ಬರಬೇಕೆಂಬುದು ವ್ಯಾಕರಣದಿಂದ ತಿಳಿಯುವ ಸಂಗತಿಯಲ್ಲ. ತುಂಡು ದೊಡ್ಡದಾದಷ್ಟೂ ಅದರ ಹೊಡೆತದ ಶಕ್ತಿ ಹೆಚ್ಚುತ್ತದೆಂದು ಬಲ್ಲವರಿಗೆ ಮಾತ್ರ ಅದು ಹೊಳೆಯುತ್ತದೆ. ಹಾಗೆಯೇ, ಲೆಕ್ಕವನ್ನು ಸರಿಯಾಗಿ ಮಾಡಿಯೂ, ನಿರ್ಧಾರ ಕೈಗೊಳ್ಳುವವರು ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಓದುತ್ತಾರೆಂದು ಯೋಚಿಸದಿದ್ದರೆ ಆ ಲೆಕ್ಕ ಅವರನ್ನು ತಲುಪುವುದೇ ಇಲ್ಲ. ಈ ಎರಡನ್ನೂ ಒಬ್ಬರೇ ಕಲಿಯಬೇಕೆಂಬುದು ನನ್ನ ದೃಢವಾದ ನಂಬಿಕೆ.

ಮುಂದಿನ ಸೆಮಿಸ್ಟರಿಗೆ ಸಂಖ್ಯಾಶಾಸ್ತ್ರದ ಜೊತೆಗೆ ವರದಿ ಬರವಣಿಗೆಯನ್ನೂ ಆರಿಸಿಕೊಂಡಿದ್ದೇನೆ. ಆಸಕ್ತಿಯುಳ್ಳವರು ಜೊತೆಯಾದರೆ ನನಗೆ ನಿಜಕ್ಕೂ ಸಂತೋಷವಾಗುತ್ತದೆ.