ಮೊಸುಲ್‌ಗೂ ಕರಾಕೋಶ್‌ಗೂ ನಡುವೆ ಒಂದು ಭಾನುವಾರ

2021ರ ಮಾರ್ಚ್ 7. ಪೋಪ್ ಫ್ರಾನ್ಸಿಸ್ ಇರಾಕ್‌ಗೆ ಬಂದು ಮೂರನೇ ದಿನ. ಬೆಳಿಗ್ಗೆ ಬಾಗ್ದಾದಿನಿಂದ ಎರ್ಬಿಲ್‌ಗೆ ವಿಮಾನ, ಅಲ್ಲಿಂದ ಮೊಸುಲ್‌ಗೆ ಹೆಲಿಕಾಪ್ಟರ್, ಆಮೇಲೆ ಕರಾಕೋಶ್, ಸಂಜೆ ಎರ್ಬಿಲ್‌ನ ಕ್ರೀಡಾಂಗಣದಲ್ಲಿ ಬಲಿಪೂಜೆ. ನೇರಪ್ರಸಾರ ನೋಡುವಾಗ ಕಣ್ಣು ಹೋಗುತ್ತಿದ್ದುದು ವೇದಿಕೆಯ ಹಿಂದಿನ ಗೋಡೆಗಳ ಕಡೆಗೆ.

ಮೊಸುಲ್‌ನ ಹೋಶ್ ಅಲ್-ಬಿಯಾ ಚೌಕದಲ್ಲಿ ಸಿರಿಯಾಕ್ ಕ್ಯಾಥೊಲಿಕ್, ಸಿರಿಯಾಕ್ ಆರ್ಥೊಡಾಕ್ಸ್, ಅರ್ಮೇನಿಯನ್ ಆರ್ಥೊಡಾಕ್ಸ್, ಖಾಲ್ದಿಯನ್ ಹೀಗೆ ನಾಲ್ಕು ಪಂಗಡಗಳ ಚರ್ಚುಗಳಿದ್ದವು. ಊರು ಐಸಿಸ್ ಉಗ್ರರ ಹಿಡಿತದಲ್ಲಿದ್ದ 2014ರಿಂದ 2017ರ ನಡುವೆ ನಾಲ್ಕೂ ಹಾಳಾದವು. 2014ರ ಜುಲೈನಲ್ಲಿ ಐಸಿಸ್ ಇಲ್ಲಿನ ಕ್ರೈಸ್ತರಿಗೆ ಗಡುವು ಕೊಟ್ಟಿತ್ತು: ಮತಾಂತರವಾಗಿ, ಮುಸ್ಲಿಮೇತರರ ತಲೆಗಂದಾಯವಾದ ಜಿಝ್ಯಾ ಕಟ್ಟಿ, ಇಲ್ಲವೇ ಊರು ಬಿಡಿ, ಒಪ್ಪದಿದ್ದರೆ ಕತ್ತಿ. ಊರು ಬಿಟ್ಟವರ ಹಣ, ಒಡವೆಗಳನ್ನು ದಾರಿಯ ತಪಾಸಣಾ ಠಾಣೆಗಳಲ್ಲೇ ಕಿತ್ತುಕೊಂಡರು. ಗುರುತಿನ ಚೀಟಿಯೂ ಹೋಯಿತು. ಕಾಗದಪತ್ರವಿಲ್ಲದೆ ಮನೆ ತನ್ನದೆಂದು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ನಮ್ಮಲ್ಲಿ ತಾಲ್ಲೂಕು ಕಚೇರಿ ಅಲೆದವರಿಗೆ ಹೇಳಬೇಕಿಲ್ಲ. ಮೊಸುಲ್‌ಗೆ ಮರಳಿದ ಕುಟುಂಬಗಳು ತೀರಾ ಕಡಿಮೆ.

ಅಲ್ಲಿಂದ ಅರ್ಧ-ಮುಕ್ಕಾಲು ಗಂಟೆಯ ದಾರಿಯಲ್ಲಿರುವ, ನಿನೆವೆ ಬಯಲಿನ ಕ್ರೈಸ್ತರೇ ಹೆಚ್ಚಿರುವ ಊರು ಕರಾಕೋಶ್‌ನ ಕತೆಯೇ ಬೇರೆ. 2014ರ ಆಗಸ್ಟ್ 6ರ ರಾತ್ರಿ ಕಾವಲಿದ್ದ ಕುರ್ದಿಶ್ ಪಡೆ ಪೆಶ್‌ಮರ್ಗಾ ಹಿಂದೆ ಸರಿದೊಡನೆ ಸುಮಾರು 50 ಸಾವಿರ ಜನರ ಊರು ಬರಿದಾಯಿತು. ಅಲ್-ತಾಹಿರಾ ಚರ್ಚಿನ ಒಳಗನ್ನು ಐಸಿಸ್ ಸುಟ್ಟಿತು, ಅಂಗಳವನ್ನು ಗುಂಡಿನ ಅಭ್ಯಾಸಕ್ಕೆ ಬಳಸಿತು. 2016ರ ಅಕ್ಟೋಬರ್‌ನಲ್ಲಿ ಊರು ಬಿಡುಗಡೆಯಾಯಿತು. ಮರುವರ್ಷ ಮೂರು ಪಂಗಡಗಳ ಚರ್ಚುಗಳು ಸೇರಿ ನಿನೆವೆ ಪುನರ್ನಿರ್ಮಾಣ ಸಮಿತಿ ಮಾಡಿಕೊಂಡವು. ಮನೆಮನೆ ಸಮೀಕ್ಷೆ ನಡೆಸಿ, ನೆಲಸಮವಾದದ್ದು, ಸುಟ್ಟದ್ದು, ಭಾಗಶಃ ಹಾನಿಯಾದದ್ದು ಎಂದು ವಿಂಗಡಿಸಿದರು. ಹಾನಿ ಇಷ್ಟೆಂದು ಗೊತ್ತಾದ ಮೇಲೆ ಹೊರಗಿನಿಂದ ಹಣ ಕೇಳುವುದು ಸಾಧ್ಯವಾಯಿತು. ನೆರೆಹೊರೆಯೆಲ್ಲ ತಮ್ಮವರೇ ಎಂಬ ಧೈರ್ಯವೂ ಇತ್ತು. ಪೋಪ್ ಬರುವ ಹೊತ್ತಿಗೆ ಅರ್ಧದಷ್ಟು ಜನ ಮರಳಿದ್ದರು. ದುರಸ್ತಿಯಾದ ಅದೇ ಚರ್ಚಿನೊಳಗೆ ಅವರನ್ನು ಸ್ವಾಗತಿಸಿದ್ದು ಇವರೇ.

ಎರ್ಬಿಲ್‌ನ ಪೂಜೆಗೆ ಸುಮಾರು 10 ಸಾವಿರ ಜನ ಸೇರಿದರು. ಕೋವಿಡ್ ಕಾಲದಲ್ಲಿ ಅದು ಬೇಕಿತ್ತೇ ಎಂಬ ತಕರಾರು ಸುಳ್ಳಲ್ಲ. ನನಗೆ ಹೆಚ್ಚು ತೂಕದ್ದಾಗಿ ಕಂಡದ್ದು ಹಿಂದಿನ ದಿನ ನಜಾಫ್‌ನ ಕಿರುಗಲ್ಲಿಯ ಮನೆಯೊಂದರಲ್ಲಿ ಪೋಪ್ ಮತ್ತು ಇರಾಕಿನ ಶಿಯಾ ಮುಸ್ಲಿಮರ ಹಿರಿಯ ಧರ್ಮಗುರು ಆಯತುಲ್ಲಾ ಸಿಸ್ತಾನಿಯವರ ನಡುವೆ ನಡೆದ, ಒಂದು ಗಂಟೆಯೂ ಹಿಡಿಯದ ಮಾತುಕತೆ. ಕ್ರೈಸ್ತರಿಗೂ ಪೂರ್ಣ ಸಾಂವಿಧಾನಿಕ ಹಕ್ಕಿರಬೇಕು ಎಂದು ಸಿಸ್ತಾನಿಯವರ ಕಚೇರಿ ಹೇಳಿಕೆ ಕೊಟ್ಟಿತು. ಶಿಯಾ ಸೇನಾ ಗುಂಪುಗಳೂ ತಿರುಗಾಡುವ ನಿನೆವೆ ಬಯಲಿನಲ್ಲಿ ಆ ಮಾತಿಗೆ ಬೆಲೆಯಿದೆ. ಅದೇ ಸಂಜೆ ಬಾಗ್ದಾದಿನಲ್ಲಿ ಪೋಪ್ ಖಾಲ್ದಿಯನ್ ಕ್ರಮದಲ್ಲಿ ಪೂಜೆ ಅರ್ಪಿಸಿದರು. ನಮ್ಮ ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸಿರೋ-ಮಲಬಾರ್ ಚರ್ಚುಗಳ ಕುರ್ಬಾನವೂ ಇದೇ ಪೂರ್ವ ಸಿರಿಯಾಕ್ ಮೂಲದ್ದು.

ಮಾರ್ಚ್ 6ನ್ನು ಇರಾಕ್ ಸರ್ಕಾರ ಸಹಬಾಳ್ವೆಯ ರಾಷ್ಟ್ರೀಯ ದಿನವೆಂದು ಘೋಷಿಸಿತು. ಸಂಸತ್ತಿನ 329 ಸ್ಥಾನಗಳಲ್ಲಿ ಕ್ರೈಸ್ತರಿಗೆ 5 ಮೀಸಲಿದ್ದವು. ದೊಡ್ಡ ಪಕ್ಷಗಳು ತಮ್ಮ ಮತ ಹಾಕಿಸಿ ಅವನ್ನೂ ನುಂಗುತ್ತವೆ ಎಂಬುದು ಹಳೆಯ ದೂರು. ತಂದೆ ಅಥವಾ ತಾಯಿ ಇಸ್ಲಾಂ ಸ್ವೀಕರಿಸಿದರೆ ಅಪ್ರಾಪ್ತ ಮಕ್ಕಳನ್ನೂ ಮುಸ್ಲಿಮರೆಂದೇ ದಾಖಲಿಸುವ, 2015ರಲ್ಲಿ ಸಂಸತ್ತು ಒಪ್ಪಿದ ಗುರುತಿನ ಚೀಟಿ ಕಾನೂನಿನ 26ನೇ ವಿಧಿ, ಪೋಪ್ ವಿಮಾನ ಹತ್ತಿದ ಮಾರ್ಚ್ 8ರಂದೂ ಜಾರಿಯಲ್ಲಿತ್ತು.