ನೀನಿರೋದು ಸಿಟಿನಾ, ಹಳ್ಳಿನಾ?

ಊರಿಂದ ಯಾರೇ ವಿಡಿಯೋ ಕಾಲ್ ಮಾಡಲಿ, ಇದೊಂದು ಪ್ರಶ್ನೆ ಬಂದೇ ಬರುತ್ತದೆ. ನಾನು ಮಾತಾಡುವುದು ಹೆಚ್ಚಾಗಿ ವಾಕಿಂಗ್‌ಗೆ ಹೊರಟಾಗ. ಹಿಂದೆ ಒಂದು ಕೊಳ, ನಾಲ್ಕು ಬಾತುಕೋಳಿ. "ಕೋಪನ್‌ಹೇಗನ್ ಅಂದಿದ್ದೆ, ಇದ್ಯಾವ ಹಳ್ಳಿನೋ?" ಅಂತಾರೆ ಚಿಕ್ಕಪ್ಪ.

ಹಳ್ಳಿ ಅಂದರೂ ತಪ್ಪಿಲ್ಲ. ನಮ್ಮ ಏರಿಯಾದ ಹೆಸರು ಬ್ರೊನ್ಸ್‌ಹೊಯ್. 1901ರಲ್ಲಿ ಕೋಪನ್‌ಹೇಗನ್ ಸುತ್ತಲಿನ ಊರುಗಳನ್ನು ಸೇರಿಸಿಕೊಂಡಾಗ ಇದೂ ಸಿಟಿಯ ಪಾಲಾಯಿತು. ಈಗ 5ಸಿ ಬಸ್ ಹತ್ತಿದರೆ ನೇರ ಪೇಟೆಗೆ. ಬೆಲ್ಲಾಹೊಯ್ ಕಡೆಗೆ 1950ರ ದಶಕದಲ್ಲಿ ಕಟ್ಟಿದ 28 ಎತ್ತರದ ಅಪಾರ್ಟ್‌ಮೆಂಟುಗಳಿವೆ. ಆಗ ಡೆನ್ಮಾರ್ಕ್‌ಗೆ ಅವು ಹೊಸ ಬೆರಗು.

ಆದರೆ ಮಜಾ ಇರುವುದು ಬೇರೆ ಕಡೆ. ಈ ಹಳ್ಳಿ ಅದಕ್ಕೂ ಮುಂಚೆಯೇ ಒಮ್ಮೆ ಪಟ್ಟಣವಾಗಿತ್ತು, ಎರಡು ವರ್ಷವೂ ತುಂಬದಷ್ಟು ಕಾಲ! 1658ರಲ್ಲಿ ಸ್ವೀಡನ್ನಿನ ದೊರೆ ಹತ್ತನೇ ಕಾರ್ಲ್ ಗುಸ್ತಾವ್ ಕೋಪನ್‌ಹೇಗನ್ನಿಗೆ ಮುತ್ತಿಗೆ ಹಾಕಿದ. ದಂಡು ಬೀಡುಬಿಟ್ಟಿದ್ದು ಇಲ್ಲಿ. 'ಹೊಯ್' ಅಂದರೆ ದಿಬ್ಬ, ದಂಡಿಗೆ ಹೇಳಿ ಮಾಡಿಸಿದ ಜಾಗ. ಗುಡಾರಗಳ ಬೀಡು ಬೆಳೆದು ಊರೇ ಆಯಿತು. ದೊರೆಯ ಹೆಸರಲ್ಲೇ ಕಾರ್ಲ್‌ಸ್ಟಾಡ್ ಅಂತ ಕರೆದರು. 1659ರ ಫೆಬ್ರವರಿಯ ಒಂದು ರಾತ್ರಿ ನಗರದ ಕೋಟೆಗೆ ಲಗ್ಗೆ ಹಾಕಿ ಸೋತು ಬಂದರು. ಮರುವರ್ಷ ಅದೇ ತಿಂಗಳಲ್ಲಿ ದೊರೆಯೇ ತೀರಿಕೊಂಡ. ಮೇ ತಿಂಗಳಲ್ಲಿ ಸಂಧಿಯಾಯಿತು, ದಂಡು ಗಂಟುಮೂಟೆ ಕಟ್ಟಿತು. ಬ್ರೊನ್ಸ್‌ಹೊಯ್ ಮತ್ತೆ ಹಳ್ಳಿ.

ಇದನ್ನೆಲ್ಲ ನೋಡಿದ ಚರ್ಚು ಮಾತ್ರ ಇಲ್ಲೇ ಇದೆ. ಹನ್ನೆರಡನೇ ಶತಮಾನದ ಕೊನೆಯದು, ಈಗಿನ ಕೋಪನ್‌ಹೇಗನ್ನಿನ ಚರ್ಚುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಬಿಳಿ ಗೋಡೆ, ಗಿಡ್ಡ ಆಕಾರ. ಸುಮ್ನೆ ನೋಡಿದರೆ ಅಷ್ಟು ವಯಸ್ಸಾಗಿದೆ ಅನಿಸುವುದಿಲ್ಲ.

ಇನ್ನು ಆ ಕೊಳ. ಹಳ್ಳಿಯ ಕೊಳಕ್ಕೆ ಡೇನಿಷ್‌ನಲ್ಲಿ 'ಗೇದಕೇರ್' ಅಂತಾರೆ. 'ಕೇರ್' ಕೇಳಿದಾಗ ನನಗೆ ನಮ್ಮ 'ಕೆರೆ'ಯೇ ನೆನಪಾಗಿದ್ದು. ಬರೀ ಕಾಕತಾಳೀಯ ಬಿಡಿ, ಆದರೂ ಖುಷಿ. ದನ ನೀರು ಕುಡಿಯುತ್ತಿದ್ದದ್ದು ಇಂಥಲ್ಲೇ, ಹುಲ್ಲಿನ ಸೂರಿಗೆ ಬೆಂಕಿ ಬಿದ್ದರೆ ಓಡಿ ಬರುತ್ತಿದ್ದದ್ದೂ ಇಲ್ಲಿಗೇ. ಈಗ ದನವಿಲ್ಲ. ಮೊನ್ನೆ ಮಗಳ ಕೈಗವಸು ಒಳಗೆ ಬಿತ್ತು. ಕೋಲಿನಿಂದ ಎಳೆದರೆ ಜೊತೆಗೆ ಅಂಗೈಯಷ್ಟು ಕರಿ ಕೆಸರು ಬಂತು. ವಾಸನೆ ಥೇಟ್ ನಮ್ಮೂರ ಕೆರೆಯಂಗಳದ್ದೇ.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಸಿಟಿಗೆ ಸೇರಿ ನೂರು ವರ್ಷ ಆಯ್ತು ಅಂತೀಯ. ಕೆರೆ ಮುಚ್ಚಿ ಇನ್ನೂ ಸೈಟ್ ಮಾಡಿಲ್ವಾ?"